ನಂಜುಂಡ, ರಂಗನಾಥ, ಕೇಶವ: ಮಂಡ್ಯದ ತಮ್ಮನಿಗೊಂದು ಉತ್ತರ

ಅಕ್ಕ ಅಂತ ಕರೆದಿದ್ದೀರಿ, ಅಕ್ಕನ ಹಾಗೇ ಹೇಳುತ್ತೇನೆ. ಮಂಡ್ಯದಿಂದ ಇಂಗ್ಲೆಂಡಿಗೆ ಬಂದು ನಿಮಗೆ ಎಂಟು ತಿಂಗಳು. ಮನೆಯವರಿಗೆ ಏಳನೇ ತಿಂಗಳು, ಹುಟ್ಟೋದು ಗಂಡು ಮಗು. ನಿಮ್ಮ ತಂದೆಗೆ ಅವರಪ್ಪನ ಹೆಸರು ನಂಜುಂಡ ಬೇಕು. ನಿಮಗೆ ರಂಗನಾಥ ಇಷ್ಟ, ನಿಮ್ಮ ಹೆಂಡತಿಗೆ ಕೇಶವ. ಇಂಥ ಹಳೇ ಹೆಸರು ಹೊತ್ತ ಮಗು ಅಲ್ಲಿನ ಸ್ಕೂಲಿನಲ್ಲಿ ಕಷ್ಟಪಡುತ್ತಾ ಅಂತ ಕೇಳಿದ್ದೀರಿ.

ನಾನು ಅಲ್ಲಿಗೆ ಹೋಗಿ ಹತ್ತೊಂಬತ್ತು ವರ್ಷ ಆಯಿತು. ಈಗ ರಜೆಗೆ ಬಂದು ಮೈಸೂರಿನ ಸರಸ್ವತಿಪುರಂನಲ್ಲಿ ಅಮ್ಮನ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಗಂಡು ಅಂತ ನಿಮಗೆ ಗೊತ್ತಿದೆ ಅಂದರೆ ಅಮ್ಮನಿಗೆ ನಂಬಿಕೆಯೇ ಇಲ್ಲ. ಇಲ್ಲಿ 1994ರ ಕಾನೂನು ಬಂದಮೇಲೆ ಸ್ಕ್ಯಾನಿಂಗ್ ಕೋಣೆಯ ಮುಂದೆ ‘ಲಿಂಗ ತಿಳಿಸುವುದಿಲ್ಲ’ ಅನ್ನೋ ಬೋರ್ಡೇ ಇರುತ್ತದಲ್ಲ. ಅಲ್ಲಿ ಇಪ್ಪತ್ತನೇ ವಾರದ ಸ್ಕ್ಯಾನಿನಲ್ಲಿ ಕೇಳಿದರೆ ಸಾಮಾನ್ಯವಾಗಿ ಹೇಳಿಬಿಡುತ್ತಾರೆ. ಅದಕ್ಕೇ ಹೆಸರಿನ ಜಗಳ ಹೆರಿಗೆಗೆ ಮೊದಲೇ ಶುರುವಾಗುತ್ತದೆ!

ಸ್ಕೂಲಿನ ಭಯ ಮೊದಲು ಬಿಡಿ. ನನ್ನ ಮಗನ ಹೆಸರು ಚೆಲುವ, ನನ್ನ ಗಂಡನ ತಾತನ ಹೆಸರು. ಮೇಲುಕೋಟೆ ಚೆಲುವನಾರಾಯಣನ ಕಡೆಯಿಂದ ಬಂದದ್ದು. ಮೂರನೇ ಕ್ಲಾಸಿನಲ್ಲಿ ಹುಡುಗರು ಅವನನ್ನು ‘ಚೆಲ್ಸಿ’ ಅಂತ ಕರೆಯತೊಡಗಿದರು. ನಾನು ಟೀಚರಿಗೆ ಕಾಗದ ಬರೆಯಲು ಕೂತೆ. ಅವನು ಅದು ಫುಟ್‌ಬಾಲ್ ಟೀಮಿನ ಹೆಸರು, ಸುಮ್ನೆ ಇರಮ್ಮ ಅಂದ. ಈಗ ಹದಿನಾಲ್ಕು ವರ್ಷ, ಪೂರ್ತಿ ಹೆಸರನ್ನೇ ಹೇಳಿಕೊಳ್ಳುತ್ತಾನೆ.

ಅವರ ನಾಲಿಗೆಗಿಂತ ನಾವು ಬರೆಯೋ ಸ್ಪೆಲಿಂಗ್ ಜಾಸ್ತಿ ತೊಂದರೆ ಕೊಡುತ್ತದೆ. ‘ತ’ಕ್ಕೂ ‘ಥ’ಕ್ಕೂ ನಾವು ಟಿ ಪಕ್ಕ ಎಚ್ ಹಾಕುತ್ತೇವೆ. ಅವರು ಅದನ್ನು ‘ಥ್ಯಾಂಕ್ಸ್’ನಲ್ಲಿ ಓದೋ ಹಾಗೆ, ಹಲ್ಲಿನ ನಡುವೆ ನಾಲಿಗೆ ಇಟ್ಟು ಓದುತ್ತಾರೆ. ರಂಗನಾಥನಿಗೆ ಈ ಕಾಟ ಇದ್ದೇ ಇದೆ, ಆದರೆ ಎರಡನೇ ದಿನಕ್ಕೇ ಅವನು ರಂಗ ಆಗಿಬಿಡುತ್ತಾನೆ. ಶ್ರೀರಂಗಪಟ್ಟಣದ ದೇವರಿಗೇ ಆ ಹೆಸರು ಸಾಕಾಗಿದೆ. ಕೇಶವ ಸಲೀಸು. ನಂಜುಂಡ ಕಷ್ಟ ಅಂದುಕೊಂಡಿದ್ದೀರಿ, ಆದರೆ ಬರೆದಂತೆ ಓದಬಹುದಾದ ಹೆಸರು ಅದು. (ದೀಕ್ಷಿತ್ ಅಂತ ಇಡೋಕೆ ಹೊರಟಿದ್ದ ಒಬ್ಬರಿಗೆ, ಇಂಗ್ಲಿಷಿನಲ್ಲಿ ಬರೆದು ಕೊನೆಯ ನಾಲ್ಕು ಅಕ್ಷರ ಮಾತ್ರ ಓದಿ ನೋಡಿ ಅಂದಿದ್ದೆ. ಹೆಸರು ಬದಲಾಯಿತು.)

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ್ದು ಹೆಸರಿನ ಹಿಂದುಮುಂದಿನ ಬಾಲದ ಬಗ್ಗೆ. ನಮ್ಮ ಕಡೆ ಊರಿನದೊಂದು, ಅಪ್ಪನದೊಂದು ಅಕ್ಷರ, ಆಮೇಲೆ ಹೆಸರು. ಕೆ.ಎಸ್. ನರಸಿಂಹಸ್ವಾಮಿಯವರ ‘ಕೆ’ ಅಂದರೆ ಕಿಕ್ಕೇರಿ. ಮೈಸೂರಿನ ಆರ್.ಕೆ. ನಾರಾಯಣ್ ಅವರ ‘ಆರ್’ ಅಂದರೆ ರಾಸೀಪುರಂ. ಪಾಸ್‌ಪೋರ್ಟಿನವರು ಇನಿಷಿಯಲ್ ಒಪ್ಪೋದಿಲ್ಲ, ಬಿಡಿಸಿ ಬರೆಯಬೇಕು. ನನ್ನ ಗಂಡನದೂ ಕಿಕ್ಕೇರಿಯೇ. ಊರು ಮೊದಲು ಬಂದು ಕೂತಿತು. ಆಫೀಸಿನಲ್ಲಿ ಆರು ತಿಂಗಳು ಅವರನ್ನು ಎಲ್ಲರೂ ‘ಕಿಕ್ಕೇರಿ’ ಅಂತಲೇ ಕರೆದರು. ಬ್ಯಾಂಕಿನ ಕಾಗದ ಈಗಲೂ ಅದೇ ಹೆಸರಿಗೆ ಬರುತ್ತದೆ. ನಿಮ್ಮ ಹೆಸರಿನಲ್ಲೂ ಮಂಡ್ಯ ಇದ್ದರೆ, ನಿಮ್ಮನ್ನೂ ಯಾರೋ ಆಗಲೇ ಮಿಸ್ಟರ್ ಮಂಡ್ಯ ಅಂದಿರಬೇಕು, ಅಲ್ವಾ?

ಮಗುವಿಗೆ ಇದನ್ನು ದಾಟಿಸಬೇಡಿ. ಒಂದು ಹೆಸರು, ಒಂದು ಸರ್‌ನೇಮ್, ಅಷ್ಟೇ. ಗೌಡ ಅಂತಿಡುತ್ತೀರೋ, ನಿಮ್ಮ ಹೆಸರನ್ನೇ ಇಡುತ್ತೀರೋ, ಗಂಡಹೆಂಡತಿ ಕೂತು ತೀರ್ಮಾನ ಮಾಡಿ. ನನ್ನ ಪಾಸ್‌ಪೋರ್ಟಿನಲ್ಲಿ ಕೊನೆಗಿರೋದು ನಮ್ಮಪ್ಪನ ಹೆಸರು, ಮಗನದರಲ್ಲಿ ಗೌಡ. ಒಮ್ಮೆ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಐದು ವರ್ಷದ ಅವನನ್ನು ಬಗ್ಗಿ ನೋಡಿ, ಇವರು ನಿನಗೆ ಏನಾಗಬೇಕು ಅಂತ ಕೇಳಿದರು. ಅವತ್ತು ನಿದ್ದೆಗಣ್ಣಿನಲ್ಲಿದ್ದ ಅವನು ಬಾಯೇ ಬಿಡಲಿಲ್ಲ. ಅಂದಿನಿಂದ ಜನನ ಪತ್ರ ಬ್ಯಾಗಿನಲ್ಲೇ ಇರುತ್ತದೆ.

ಇಂಗ್ಲೆಂಡಿನಲ್ಲಿ ಹುಟ್ಟಿದ 42 ದಿನದೊಳಗೆ ನೋಂದಣಿ ಆಗಬೇಕು. ಮೊದಲ ಹೆಸರನ್ನು ಒಂದು ವರ್ಷದೊಳಗೆ ಬದಲಿಸಲು ಅವಕಾಶ ಇದೆ, ಆದರೆ ಅದನ್ನು ನಂಬಿಕೊಂಡು ಏನೋ ಒಂದು ಬರೆಸಬೇಡಿ. ನೀವಿಬ್ಬರೂ ಇನ್ನೂ ಕೆಲಸದ ವೀಸಾದಲ್ಲಿರೋದರಿಂದ ಮಗು ಹುಟ್ಟಿನಿಂದ ಬ್ರಿಟಿಷ್ ಪ್ರಜೆ ಆಗೋದಿಲ್ಲ. ಭಾರತದ ಹೈಕಮಿಷನ್ನಿನಲ್ಲೂ ಒಂದು ವರ್ಷದೊಳಗೆ ಜನನ ನೋಂದಾಯಿಸಿ. ಎರಡೂ ಕಡೆ ಒಂದೇ ಸ್ಪೆಲಿಂಗ್ ಇರಲಿ. ಒಂದಕ್ಷರ ಆಚೀಚೆ ಆದರೂ ಅಲೆದಾಟ ತಪ್ಪಿದ್ದಲ್ಲ.

ನಕ್ಷತ್ರದ ಅಕ್ಷರ ನೋಡುವವರಾದರೆ ಇದು ನೆನಪಿರಲಿ. ಚೆಲುವ ಹುಟ್ಟಿದ್ದು ಬೇಸಿಗೆಯಲ್ಲಿ, ಅಲ್ಲಿನ ರಾತ್ರಿ ಒಂಬತ್ತಕ್ಕೆ. ನಮ್ಮ ಮಾವ ಆ ಒಂಬತ್ತನ್ನೇ ಹಿಡಿದು ಒಂಟಿಕೊಪ್ಪಲ್ ಪಂಚಾಂಗ ತೆರೆದು ಕೃತ್ತಿಕೆ ಅಂದರು. ಎಲ್ಲರೂ ‘ಅ’ ‘ಇ’ಯಿಂದ ಹೆಸರು ಹುಡುಕಿದ್ದೇ ಹುಡುಕಿದ್ದು. ಅಲ್ಲಿ ಒಂಬತ್ತು ಅಂದರೆ ಇಲ್ಲಿ ನಡುರಾತ್ರಿ ಒಂದೂವರೆ, ಅಷ್ಟು ಹೊತ್ತಿಗೆ ರೋಹಿಣಿ ಬಂದಾಗಿತ್ತು. ಮತ್ತೆ ‘ವ’ದಿಂದ ಶುರು. ಕೊನೆಗೆ ನಕ್ಷತ್ರದ ಹೆಸರನ್ನು ಕಿವಿಯಲ್ಲಿ ಹೇಳಿ, ಕಾಗದದಲ್ಲಿ ಚೆಲುವ ಅಂತ ಬರೆಸಿದೆವು. ಗಳಿಗೆಯನ್ನು ಭಾರತದ ಸಮಯಕ್ಕೆ ತಿರುಗಿಸಿಯೇ ಊರಿಗೆ ತಿಳಿಸಿ.

ಇನ್ನು ಮೂರರಲ್ಲಿ ಯಾವುದು? ನಿಮ್ಮ ಕಾಗದದಲ್ಲಿ ತಂದೆಯ ಆಸೆ ಇದೆ, ನಿಮ್ಮದಿದೆ, ಹೆಂಡತಿಯದಿದೆ. ನಿಮ್ಮ ತಾಯಿಯ ಮಾತೇ ಇಲ್ಲ. ಬಾಣಂತನಕ್ಕೆ ಆರು ತಿಂಗಳ ವೀಸಾದಲ್ಲಿ ಬರುವವರು ಅವರೇ ತಾನೇ? ಎಣ್ಣೆ ಹಚ್ಚಿ ನೀರು ಹಾಕುವಾಗ ಮಗುವನ್ನು ಎಲ್ಲರಿಗಿಂತ ಜಾಸ್ತಿ ಕರೆಯುವವರೂ ಅವರೇ. ನಂಜುಂಡ ಅವರಿಗೆ ಮಾವನ ಹೆಸರು. ನಮ್ಮತ್ತೆಗೂ ಹೀಗೇ ಆಯಿತು. ಮಾವನ ಹೆಸರು ಹಿಡಿದು ಹೇಗೆ ಕೂಗಲಿ ಅಂತ, ಮೂರು ಕೇಜಿ ಮಗುವನ್ನು ‘ಮಾವಯ್ಯ’ ಅಂತ ಕರೆಯತೊಡಗಿದರು. ಬೈಯೋದಂತೂ ಅವರಿಗೆ ಇವತ್ತಿಗೂ ಆಗಿಲ್ಲ. ಅವನು ಅದರ ಲಾಭವನ್ನು ಚೆನ್ನಾಗೇ ಪಡೆದಿದ್ದಾನೆ.

ನಾನಾಗಿದ್ದರೆ ನಂಜುಂಡನಿಗೇ ಹೂಂ ಅನ್ನುತ್ತಿದ್ದೆ. ನಂಜನ್ನೇ ಉಂಡು ಅರಗಿಸಿಕೊಂಡವನ ಹೆಸರು, ನಂಜನಗೂಡು ಹತ್ತಿರದಲ್ಲೇ ಇದೆ, ತಾತನೂ ಉಳಿಯುತ್ತಾನೆ. ನಿಮ್ಮ ತಾಯಿಗೆ ಬಾಯಿ ಬಾರದಿದ್ದರೆ ಶ್ರೀಕಂಠ ಅಂತ ಕರೆಯಲಿ, ಅದೇ ದೇವರು. ರಂಗನಾಥನನ್ನು ಎರಡನೇ ಮಗುವಿಗೆ ಇಟ್ಟುಕೊಳ್ಳಿ. ಕೇಶವ ಬೇಕು ಅಂತ ನಿಮ್ಮ ಹೆಂಡತಿ ಗಟ್ಟಿಯಾಗಿ ಹೇಳಿದರೆ ಮಾತ್ರ ನನ್ನ ಮಾತು ಮರೆತುಬಿಡಿ, ಹೆರುವವರು ಅವರು. ಅದಕ್ಕೆ ಮೊದಲು ನಿಮ್ಮ ತಾಯಿಗೆ ಒಂದು ಫೋನ್ ಮಾಡಿ. ತಂದೆ ಪಕ್ಕದಲ್ಲಿಲ್ಲದ ಹೊತ್ತು ನೋಡಿ ಮಾಡಿ.