ಝಿಯಾರತ್‌ಗೆ ಕಾರು ಗೊತ್ತು ಮಾಡುವ ಮುನ್ನ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಐದು ಮಂದಿ ಉಮ್ರಾಕ್ಕೆ (ಹಜ್ ಅಲ್ಲದ ಮಕ್ಕಾ ಯಾತ್ರೆಗೆ) ಹೊರಟಿದ್ದೇವೆ. ಮಕ್ಕಾದಲ್ಲಿ 5 ದಿನ, ಮದೀನಾದಲ್ಲಿ 4 ದಿನ. ಗುಂಪಿನ ಬಸ್ಸಿನಲ್ಲಿ ಝಿಯಾರತ್‌ಗೆ (ಸುತ್ತಲಿನ ಪವಿತ್ರ, ಚಾರಿತ್ರಿಕ ಜಾಗಗಳ ಭೇಟಿಗೆ) ಹೋದವರೆಲ್ಲ ‘ಕಿಟಕಿಯಿಂದ ನೋಡಿದ್ದಷ್ಟೇ ಬಂತು’ ಎನ್ನುತ್ತಾರೆ. ನಾವೇ ಕಾರು ಮಾಡಿಕೊಂಡರೆ ಯಾವ ದಿನ, ಯಾವ ಕ್ರಮದಲ್ಲಿ ಹೋಗಬೇಕು?

ಉತ್ತರ: ಝಿಯಾರತ್ ಉಮ್ರಾದ ಭಾಗವಲ್ಲ. ಇಹ್ರಾಮ್ (ಯಾತ್ರೆಯ ಸಂಕಲ್ಪ ಮತ್ತು ಉಡುಗೆ), ತವಾಫ್ (ಕಅಬಾ ಪ್ರದಕ್ಷಿಣೆ), ಸಈ (ಸಫಾ-ಮರ್ವಾ ನಡುವಿನ ನಡಿಗೆ), ಆಮೇಲೆ ತಲೆ ಬೋಳಿಸುವುದು ಇಲ್ಲವೇ ಕೂದಲು ಕತ್ತರಿಸುವುದು: ಇಷ್ಟಾದರೆ ಉಮ್ರಾ ಮುಗಿಯಿತು. ಒಂದು ಗುಹೆಯೋ ಒಂದು ಮಸೀದಿಯೋ ತಪ್ಪಿಹೋದರೆ ಉಮ್ರಾಕ್ಕೆ ಏನೂ ಕುಂದಿಲ್ಲ. ಇದು ಮನಸ್ಸಿನಲ್ಲಿದ್ದರೆ ನಿಮ್ಮ ಪಟ್ಟಿ ತಾನಾಗಿ ಅರ್ಧಕ್ಕಿಳಿಯುತ್ತದೆ. ಹತ್ತು ಜಾಗ ಬರೆದುಕೊಂಡು ಹೋದವರು ಹತ್ತನ್ನೂ ಕಿಟಕಿಯಿಂದಲೇ ನೋಡುತ್ತಾರೆ, ಸ್ವಂತ ಕಾರಿದ್ದರೂ ಅಷ್ಟೆ.

ಮಕ್ಕಾದಲ್ಲಿ ಮೊದಲ ದಿನ ಉಮ್ರಾಕ್ಕೆ, ಎರಡನೆಯ ದಿನ ಕಾಲಿನ ನೋವು ಇಳಿಯಲು. ಮೂರನೆಯ ಅಥವಾ ನಾಲ್ಕನೆಯ ದಿನ ಬೆಳಿಗ್ಗೆ ಝಿಯಾರತ್ ಇಟ್ಟುಕೊಳ್ಳಿ. ಶುಕ್ರವಾರ ಬೇಡವೇ ಬೇಡ. ಹರಮ್‌ನಲ್ಲಿ (ಕಅಬಾ ಇರುವ ಮಸೀದಿಯಲ್ಲಿ) ಫಜ್ರ್ (ಮುಂಜಾನೆಯ ನಮಾಝ್) ಮುಗಿಸಿ, ತಿಂಡಿ ತಿಂದು, ಬಿಸಿಲೇರುವ ಮುನ್ನ ಹೊರಟು ಝುಹರ್‌ಗೆ (ಮಧ್ಯಾಹ್ನದ ನಮಾಝ್‌ಗೆ) ಒಂದೂವರೆ ತಾಸು ಮೊದಲೇ ವಾಪಸಾಗಬೇಕು. ಯಾಕೆಂದರೆ ನಮಾಝ್ ಹತ್ತಿರವಾದಂತೆ ಹರಮ್ ಸುತ್ತಲಿನ ರಸ್ತೆಗಳನ್ನು ಮುಚ್ಚುತ್ತ ಬರುತ್ತಾರೆ. ಚಾಲಕ ಎಲ್ಲೋ ದೂರದಲ್ಲಿ ಇಳಿಸುತ್ತಾನೆ, ಅಲ್ಲಿಂದ ಬಿಸಿಲಲ್ಲಿ ನಡಿಗೆ. ‘ಚಾಲಕ ಮೋಸ ಮಾಡಿದ’ ಎಂಬ ದೂರುಗಳಲ್ಲಿ ಹಲವು ಹುಟ್ಟುವುದು ಇಲ್ಲೇ. ತಪ್ಪು ಅವನದಲ್ಲ, ಹೊತ್ತಿನದು.

ಕ್ರಮ ಹೀಗಿದ್ದರೆ ಒಂದೇ ದಾರಿಯಲ್ಲಿ ಎರಡು ಸಲ ಸುತ್ತುವುದು ತಪ್ಪುತ್ತದೆ. ಹರಮ್‌ನಿಂದ ದಕ್ಷಿಣಕ್ಕೆ ಸೌರ್ ಬೆಟ್ಟದ ಬುಡ. ಹಿಜ್ರತ್ (ಮಕ್ಕಾದಿಂದ ಮದೀನಾಕ್ಕೆ ವಲಸೆ) ವೇಳೆ, 622ರಲ್ಲಿ, ಪ್ರವಾದಿ(ಸ) ಮತ್ತು ಸಂಗಾತಿ ಅಬೂಬಕರ್(ರ) ಮೂರು ರಾತ್ರಿ ಅಡಗಿದ್ದ ಗುಹೆ ಇರುವುದು ಇದರ ಮೇಲೆ. ಅಲ್ಲಿಂದ ಪೂರ್ವಕ್ಕೆ ಹಜ್‌ನ ಮೈದಾನ ಅರಫಾತ್, ಹರಮ್‌ನಿಂದ ಸುಮಾರು 20 ಕಿ.ಮೀ. ವಾಪಸು ಬರುವಾಗ ಮುಝ್ದಲಿಫಾ, ಮಿನಾ, ಜಮರಾತ್ ಸೇತುವೆ (ಹಜ್‌ನಲ್ಲಿ ಕಲ್ಲೆಸೆಯುವ ಜಾಗ) ಸಾಲಾಗಿ ಸಿಗುತ್ತವೆ. ಆಮೇಲೆ ಹಿರಾ ಗುಹೆ ಇರುವ ನೂರ್ ಬೆಟ್ಟದ ಬುಡ, ಕೊನೆಗೆ ಪ್ರವಾದಿ(ಸ) ಪತ್ನಿ ಖದೀಜಾ(ರ) ಅವರ ಕಬ್ರ್ ಇರುವ ಜನ್ನತುಲ್ ಮುಅಲ್ಲಾ ಕಬರ್‌ಸ್ತಾನ. ಬೆಟ್ಟ ಹತ್ತದಿದ್ದರೆ ಮೂರರಿಂದ ನಾಲ್ಕು ತಾಸು. ಅರಫಾತ್‌ನ ನಮಿರಾ ಮಸೀದಿ ಹಜ್ ಕಾಲದ ಹೊರತು ಸಾಮಾನ್ಯವಾಗಿ ಮುಚ್ಚಿರುತ್ತದೆ. ‘ಒಳಗೆ ನಮಾಝ್ ಮಾಡಿಸುತ್ತೇನೆ’ ಎಂದು ಮಾತು ಕೊಡುವ ಚಾಲಕನನ್ನು ಅಲ್ಲಿಗೇ ಬಿಟ್ಟುಬಿಡಿ. ಅಲ್ಲಿನ ಗುಡ್ಡ ಜಬಲ್ ರಹ್ಮತ್‌ನ ಎತ್ತರ ಸುಮಾರು 70 ಮೀಟರ್, ಮೆಟ್ಟಿಲಿದೆ. ತುದಿಯ ಬಿಳಿ ಕಂಬವನ್ನು ಮುಟ್ಟುವುದಕ್ಕೂ ಅದರ ಮೇಲೆ ಹೆಸರು ಗೀಚುವುದಕ್ಕೂ ಯಾವ ಪುಣ್ಯವೂ ಇಲ್ಲ.

ಕಾರಿನ ವಿಷಯ. ಸಾಧಾರಣ ಕಾರಿನಲ್ಲಿ ನಾಲ್ವರಿಗಷ್ಟೇ ಜಾಗ. ನೀವು ಐವರು, ಹಾಗಾಗಿ ಏಳು ಸೀಟಿನದು ಕೇಳಿ. ಗಾಲಿಕುರ್ಚಿ ಇದ್ದರೆ ಹಿಂದಿನ ಸಾಲನ್ನು ಮಡಚಬೇಕಾಗುತ್ತದೆ ಎಂಬುದೂ ಲೆಕ್ಕದಲ್ಲಿರಲಿ. ಪರವಾನಗಿ ಇರುವ ಟ್ಯಾಕ್ಸಿ, ಇಲ್ಲವೇ ಊಬರ್, ಕರೀಮ್‌ನಂಥ ಆ್ಯಪ್ ಹಿಡಿಯಿರಿ. ಹರಮ್ ಬಾಗಿಲಲ್ಲಿ ‘ಝಿಯಾರತ್, ಝಿಯಾರತ್’ ಎಂದು ಕೂಗುವವರ ಖಾಸಗಿ ವಾಹನ ಬೇಡ. ದರ ಮಾತಾಡುವಾಗ ನಾಲ್ಕು ಸಂಗತಿ ಬಾಯಿಬಿಟ್ಟು ಹೇಳಿಸಿಕೊಳ್ಳಿ: ರಿಯಾಲ್ ಲೆಕ್ಕ ಕಾರಿಗೋ ತಲೆಗೋ, ಯಾವ್ಯಾವ ಜಾಗ, ಪ್ರತಿ ಜಾಗದಲ್ಲಿ ಇಳಿದು ಎಷ್ಟು ಹೊತ್ತು ನಿಲ್ಲಬಹುದು, ಕೊನೆಗೆ ಇಳಿಸುವುದು ಎಲ್ಲಿ. ಮೂರನೆಯದನ್ನು ಕೇಳದೆ ಬಿಟ್ಟವರೇ ಆಮೇಲೆ ಜಗಳಕ್ಕೆ ನಿಲ್ಲುವುದು.

ಪ್ರಶ್ನೆ: ಮದೀನಾದಲ್ಲಿ ಸಂಜೆ ತಂಪು ಹೊತ್ತಿನಲ್ಲಿ ಹೋಗಬಹುದೇ?

ಉತ್ತರ: ನೋಡಲಷ್ಟೇ ಆದರೆ ಹೋಗಬಹುದು. ಆದರೆ ಕುಬಾ ಮಸೀದಿಗೆ ಹೋಗುವುದು ನೋಡಲಿಕ್ಕಲ್ಲವಲ್ಲ. ಮನೆಯಲ್ಲಿ ವುಝೂ (ನಮಾಝ್‌ಗೆ ಮುನ್ನ ಕೈಕಾಲು ಮುಖ ತೊಳೆಯುವುದು) ಮಾಡಿಕೊಂಡು ಬಂದು ಅಲ್ಲಿ ನಮಾಝ್ ಮಾಡಿದವರಿಗೆ ಉಮ್ರಾದಷ್ಟು ಪುಣ್ಯ ಎಂದು ಹದೀಸ್ (ಪ್ರವಾದಿ ವಚನ) ಇದೆ. ಅಸರ್ (ಸಂಜೆಗೆ ಮುಂಚಿನ) ನಮಾಝ್ ಆದ ಮೇಲೆ ಮಗ್ರಿಬ್‌ವರೆಗೆ (ಸೂರ್ಯಾಸ್ತದ ನಮಾಝ್‌ವರೆಗೆ) ಹನಫಿ ಪಂಥದವರಿಗೆ ನಫಿಲ್ (ಐಚ್ಛಿಕ) ನಮಾಝ್ ಇಲ್ಲ. ಶಾಫಿಈ ಪಂಥದವರು ಮಸೀದಿ ಪ್ರವೇಶದ ಎರಡು ರಕಅತ್ (ನಮಾಝಿನ ಆವರ್ತ) ಮಾಡಬಹುದು. ಇದು ಗೊತ್ತಿಲ್ಲದೆ ಅಸರ್ ನಂತರ ಕಾರು ಮಾಡಿ, ಕುಬಾದ ಹೊಸ್ತಿಲವರೆಗೆ ಹೋಗಿ, ಸುಮ್ಮನೆ ಕುಳಿತು ಎದ್ದು ಬರುವವರು ಕಡಿಮೆಯಿಲ್ಲ. ಫಜ್ರ್ ಆದಮೇಲೂ ಇದೇ ಮಾತು. ಸೂರ್ಯ ಹುಟ್ಟಿ ಸುಮಾರು 20 ನಿಮಿಷ ಕಳೆಯಬೇಕು. ಆದ್ದರಿಂದ ಬೆಳಿಗ್ಗೆ ಇಶ್ರಾಕ್ ಹೊತ್ತಿಗೆ ಕುಬಾ ತಲುಪಿ ಅಲ್ಲಿಂದಲೇ ಶುರು ಮಾಡಿ. ವುಝೂ ಹೋಟೆಲಿನ ಕೋಣೆಯಲ್ಲೇ ಆಗಿರಲಿ.

ಪ್ರವಾದಿ(ಸ) ಪ್ರತಿ ಶನಿವಾರ ಕುಬಾಕ್ಕೆ ಹೋಗುತ್ತಿದ್ದರೆಂದು ಹದೀಸ್‌ನಲ್ಲಿರುವುದರಿಂದ ಶನಿವಾರ ಜನ ಜಾಸ್ತಿ. ನೂಕುನುಗ್ಗಲು ಬೇಡವೆಂದರೆ ಭಾನುವಾರದಿಂದ ಗುರುವಾರದೊಳಗೆ ಒಂದು ದಿನ ಹಿಡಿಯಿರಿ. ಮಸ್ಜಿದುನ್ನಬವಿಯಿಂದ (ಮದೀನಾದ ಪ್ರವಾದಿ ಮಸೀದಿಯಿಂದ) ಕುಬಾಕ್ಕೆ ಮೂರೂವರೆ ಕಿ.ಮೀ. ಆಸುಪಾಸು, ನಡೆಯುವವರಿಗೆಂದೇ ದಾರಿ ಮಾಡಿದ್ದಾರೆ. ಚಳಿಗಾಲದಲ್ಲಿ ಗಟ್ಟಿಮುಟ್ಟಾದವರಿಗೆ ಕಾರೇ ಬೇಕಿಲ್ಲ.

ಕುಬಾದಿಂದ ಮುಂದೆ ಕಿಬ್ಲತೈನ್ (ಹಿಜ್ರಿ 2ರಲ್ಲಿ ಕಿಬ್ಲಾ, ಅಂದರೆ ನಮಾಝಿನ ದಿಕ್ಕು, ಬದಲಾದದ್ದರ ನೆನಪಿನ ಮಸೀದಿ), ಖಂದಕ್ ಯುದ್ಧದ ಜಾಗ, ಕೊನೆಗೆ ಉಹುದ್. ಸಮಯ ಕೊಡಬೇಕಾದದ್ದು ಉಹುದ್‌ಗೆ. ಹಿಜ್ರಿ 3ರಲ್ಲಿ, ಅಂದರೆ 625ರಲ್ಲಿ, ಇಲ್ಲಿ ನಡೆದ ಯುದ್ಧದಲ್ಲಿ ಪ್ರವಾದಿ(ಸ) 50 ಬಿಲ್ಲುಗಾರರನ್ನು ನಿಲ್ಲಿಸಿದ್ದ ಪುಟ್ಟ ಗುಡ್ಡ ಈಗಲೂ ಅಲ್ಲಿದೆ. ಅದರ ಮೇಲೆ ನಿಂತು ಒಂದು ಕಡೆ ಉಹುದ್ ಬೆಟ್ಟ, ಇನ್ನೊಂದು ಕಡೆ ಪ್ರವಾದಿ(ಸ) ಚಿಕ್ಕಪ್ಪ ಹಂಝಾ(ರ) ಮತ್ತಿತರ ಹುತಾತ್ಮರ ಕಬರ್‌ಸ್ತಾನ ನೋಡಿದರೆ, ಬಿಲ್ಲುಗಾರರು ಜಾಗ ಬಿಟ್ಟು ಇಳಿದದ್ದು ಯಾಕೆ ಮುಳುವಾಯಿತು ಎಂಬುದು ಕಣ್ಣಿಗೇ ತಿಳಿಯುತ್ತದೆ. ಬಸ್ಸಿನವರು ಇಲ್ಲಿ ಹತ್ತು ನಿಮಿಷ ನಿಲ್ಲಿಸುತ್ತಾರೆ. ನೀವು ಮುಕ್ಕಾಲು ಗಂಟೆ ಇಡಿ. ಖರ್ಜೂರದ ಅಂಗಡಿಗೆ ಕರೆದೊಯ್ಯುವ ಚಾಲಕನಿಗೆ ‘ಇವತ್ತು ಬೇಡ’ ಎಂದು ಹತ್ತುವ ಮೊದಲೇ ಹೇಳಿದರೆ ಆ ಹೊತ್ತು ತಾನಾಗಿ ಸಿಗುತ್ತದೆ.

ಪ್ರಶ್ನೆ: ತಾಯಿಗೆ 64 ವರ್ಷ, ಮಂಡಿನೋವು. ಹಿರಾ ಗುಹೆ ನೋಡಲೇಬೇಕೆಂಬ ಹಟ. ಹತ್ತಿಸಬಹುದೇ?

ಉತ್ತರ: ಬೇಡ. ಸಾವಿರಕ್ಕೂ ಹೆಚ್ಚು ಮೆಟ್ಟಿಲು, ಎತ್ತರ ಒಂದೇ ಸಮ ಇಲ್ಲ, ಆರೋಗ್ಯವಂತರಿಗೂ ಒಂದು ತಾಸಿನ ಮೇಲೆ ಬೇಕು. ಮಂಡಿ ಕೈಕೊಡುವುದು ಹತ್ತುವಾಗಲ್ಲ, ಇಳಿಯುವಾಗ. ಗುಹೆ ಬೆಟ್ಟದ ತುದಿಯಲ್ಲೂ ಇಲ್ಲ. ತುದಿ ಮುಟ್ಟಿ ಆಚೆ ಬದಿಗೆ ಇಳಿದು ಬಂಡೆಗಳ ಸಂದಿಯಲ್ಲಿ ಮೈ ತೂರಿಸಬೇಕು. ಒಳಗೆ ಸುಮಾರು ಮೂರೂವರೆ ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಮುಂದೆ ಸದಾ ಸಾಲು. ಹಿರಾ ಹತ್ತುವುದು ಸುನ್ನತ್ (ಅನುಸರಿಸಬೇಕಾದ ಪ್ರವಾದಿ ಮಾದರಿ) ಎಂದು ಯಾವ ಹದೀಸ್‌ನಲ್ಲೂ ಇಲ್ಲ ಎಂದು ತಾಯಿಗೆ ತಿಳಿಸಿ ಹೇಳಿ. ಬುಡದಲ್ಲೇ ಹಿರಾ ಸಾಂಸ್ಕೃತಿಕ ಕೇಂದ್ರವಿದೆ. ವಹೀ (ದೇವವಾಣಿ) ಇಳಿದ ಕಥನವನ್ನು ತಂಪಾದ ಕೋಣೆಯಲ್ಲಿ ಕೂತು ನೋಡಬಹುದು, ಗಾಲಿಕುರ್ಚಿಯೂ ಹೋಗುತ್ತದೆ.

ನೀವು ಹತ್ತುವುದಾದರೆ ಚಳಿಗಾಲದಲ್ಲಿ, ಫಜ್ರ್ ಆದ ಕೂಡಲೇ, ತಲಾ ಒಂದೂವರೆ ಲೀಟರ್ ನೀರಿನೊಂದಿಗೆ. ಚಪ್ಪಲಿ ಅಲ್ಲ, ಬೂಟು. ತಿಂಡಿಯ ಪೊಟ್ಟಣ ಕೈಯಲ್ಲಿ ಹಿಡಿಯಬೇಡಿ, ಬೆಟ್ಟದಲ್ಲಿ ಕೋತಿಗಳಿವೆ. ಬೇಸಿಗೆಯ ಹಗಲಿನಲ್ಲಿ ಯಾರಿಗೂ ಬೇಡ: 2024ರ ಹಜ್ ವೇಳೆ ಮಕ್ಕಾದಲ್ಲಿ 51.8 ಡಿಗ್ರಿ ದಾಖಲಾಗಿತ್ತು, ಮತ್ತು ಬೆಟ್ಟದ ಬಂಡೆ ಗಾಳಿಗಿಂತ ಬಿಸಿ. ಸೌರ್ ಹತ್ತುವುದು ಇದಕ್ಕಿಂತ ಕಷ್ಟ, ದಾರಿಯೂ ಉದ್ದ.

ಪ್ರಶ್ನೆ: ತಾಯಿಫ್ ಊರಿಗೆ ಒಂದು ದಿನ ಹೋಗಿ ಬರುವ ಆಸೆ. ವಾಪಸು ಬರುವಾಗ ಮತ್ತೆ ಇಹ್ರಾಮ್ ಬೇಕೆ? ಮಕ್ಕಾ ಹತ್ತಿರದ ಜಿಇರ್ರಾನಾ, ಹುದೈಬಿಯಾಗಳಿಗೆ ಹೋಗಿ ಬಂದರೆ?

ಉತ್ತರ: ತಾಯಿಫ್ ಮೀಕಾತಿನ (ಇಹ್ರಾಮ್ ಕಟ್ಟಬೇಕಾದ ಗಡಿಯ) ಆಚೆ. ಹನಫಿಯಾಗಿದ್ದರೆ, ಯಾವ ಕೆಲಸಕ್ಕೇ ಇರಲಿ, ಮೀಕಾತಿನ ಆಚೆಯಿಂದ ಮಕ್ಕಾಕ್ಕೆ ಬರುವಾಗ ಇಹ್ರಾಮ್ ಕಟ್ಟಿ ಉಮ್ರಾ ಮಾಡಲೇಬೇಕು. ಬಿಟ್ಟರೆ ದಮ್ (ಪ್ರಾಯಶ್ಚಿತ್ತದ ಬಲಿ) ಬೀಳುತ್ತದೆ. ಶಾಫಿಈಯಾಗಿದ್ದರೆ, ಉಮ್ರಾದ ಉದ್ದೇಶವಿದ್ದರೆ ಮಾತ್ರ ಇಹ್ರಾಮ್. ಒಂದೇ ಕಾರಿನಲ್ಲಿ ಎರಡೂ ಮದ್‌ಹಬಿನವರಿದ್ದರೆ (ಪಂಥದವರಿದ್ದರೆ) ಈ ಮಾತು ಹೊರಡುವ ಮುನ್ನವೇ ಆಗಿರಲಿ. ಸೈಲುಲ್ ಕಬೀರ್ ದಾರಿಯಲ್ಲಿ ಬಂದರೆ ಕರ್ನುಲ್ ಮನಾಝಿಲ್, ಅಲ್‌ಹದಾ ಘಾಟಿಯಲ್ಲಿ ಬಂದರೆ ವಾದಿ ಮಹ್ರಮ್: ಎರಡೂ ಕಡೆ ಸ್ನಾನಕ್ಕೆ, ಬಟ್ಟೆ ಬದಲಿಸಲು ಮಸೀದಿ ಇದೆ. ಇಹ್ರಾಮ್ ಬಟ್ಟೆಯನ್ನು ಹೋಟೆಲಿನಲ್ಲಿ ಮರೆತು ಹೋಗುವುದೇ ಇಲ್ಲಿನ ಮಾಮೂಲಿ ಎಡವಟ್ಟು.

ಅರಫಾತ್, ಜಿಇರ್ರಾನಾ, ಹುದೈಬಿಯಾ, ತನ್‌ಈಮ್ ಇವೆಲ್ಲ ಹರಮ್ ಗಡಿಯ (ಮಸೀದಿಯಲ್ಲ, ಮಕ್ಕಾ ಸುತ್ತಲಿನ ಪವಿತ್ರ ವಲಯದ ಗಡಿಯ) ಹೊರಗಿದ್ದರೂ ಮೀಕಾತಿನ ಒಳಗೇ ಇವೆ. ಬರಿದೆ ನೋಡಿ ಬರುವುದಾದರೆ ಎರಡೂ ಮದ್‌ಹಬಿನಲ್ಲಿ ಇಹ್ರಾಮ್ ಬೇಕಿಲ್ಲ. ಇನ್ನೊಂದು ಉಮ್ರಾ ಬೇಕೆಂದರೆ ಅಲ್ಲೇ ಕಟ್ಟಬಹುದು. ಎಲ್ಲಕ್ಕಿಂತ ಹತ್ತಿರ ತನ್‌ಈಮ್‌ನ ಆಯಿಶಾ ಮಸೀದಿ, ಎಂಟು ಕಿ.ಮೀ.ಯೊಳಗೆ.

ಪ್ರಶ್ನೆ: ರೌಝಾಕ್ಕೆ (ಮಸ್ಜಿದುನ್ನಬವಿಯೊಳಗಿನ ಪವಿತ್ರ ಜಾಗಕ್ಕೆ) ನಮ್ಮ ಚಾಲಕನೇ ವ್ಯವಸ್ಥೆ ಮಾಡುತ್ತಾನಂತೆ. ನಂಬಬಹುದೇ?

ಉತ್ತರ: ನಂಬಬೇಡಿ. ರೌಝಾ ಪ್ರವೇಶದ ಪರವಾನಗಿ ಸೌದಿ ಸರಕಾರದ ನುಸುಕ್ ಆ್ಯಪ್‌ನಲ್ಲಿ ಪಾಸ್‌ಪೋರ್ಟ್, ವೀಸಾ ವಿವರ ಕೊಟ್ಟು ಪ್ರತಿಯೊಬ್ಬರೂ ತಮ್ಮ ಹೆಸರಿನಲ್ಲೇ ಪಡೆಯಬೇಕಾದದ್ದು, ಅದಕ್ಕೆ ಹಣವಿಲ್ಲ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಹೊತ್ತು. ಹೀಗಾಗಿ ಗಂಡನಿಗೆ ಒಂದು ದಿನ, ಹೆಂಡತಿಗೆ ಮತ್ತೊಂದು ದಿನ ಸಿಗುವುದುಂಟು. ಮೊದಲು ರೌಝಾದ ಸಮಯ ಗಟ್ಟಿಮಾಡಿಕೊಂಡು ಆಮೇಲೆ ಕಾರಿನ ದಿನ ನಿಗದಿ ಮಾಡಿ; ಅದಲುಬದಲು ಮಾಡಿದರೆ ಉಹುದ್‌ನಲ್ಲಿರುವಾಗಲೇ ರೌಝಾದ ಸರದಿ ಬಂದು ಹೋಗಿರುತ್ತದೆ. ಸಾಮಾನ್ಯ ಪರವಾನಗಿ 365 ದಿನಕ್ಕೊಂದೇ, ಹೋಗಲಾಗದಿದ್ದರೆ ಮುಂಚಿತವಾಗಿ ರದ್ದು ಮಾಡಿ. ಖಾಲಿ ಕಾಣದಿದ್ದರೆ ದಿನಕ್ಕೆ ಹಲವು ಸಲ ನೋಡುತ್ತಿರಿ, ಇತರರು ರದ್ದು ಮಾಡಿದ್ದು ಮತ್ತೆ ತೆರೆಯುತ್ತದೆ. ಮೊಬೈಲಿನ ಚಾರ್ಜ್ ತೀರಿದರೆ ಕ್ಯೂಆರ್ ಕೋಡ್ ತೋರಿಸಲಾಗದು, ಅದರ ಸ್ಕ್ರೀನ್‌ಶಾಟ್ ಜೊತೆಯವರ ಫೋನಿನಲ್ಲೂ ಇರಲಿ.

ಪ್ರಶ್ನೆ: ಮುಟ್ಟಿನ ದಿನಗಳಲ್ಲಿ ಝಿಯಾರತ್ ಬಿಡಬೇಕೆ? ಬಕೀ ಕಬರ್‌ಸ್ತಾನಕ್ಕೆ ಹೆಂಗಸರು ಹೋಗಬಹುದೇ?

ಉತ್ತರ: ಬಿಡಬೇಕಿಲ್ಲ. ತವಾಫ್, ನಮಾಝ್, ಮಸೀದಿಯೊಳಗೆ ಕೂರುವುದು ಇವಿಷ್ಟು ಇಲ್ಲ. ಅರಫಾತ್, ಬೆಟ್ಟದ ಬುಡ, ಉಹುದ್ ಮೈದಾನ ಎಲ್ಲಕ್ಕೂ ಹೋಗಬಹುದು, ದುಆ ಮಾಡಬಹುದು. ಮನೆಯವರು ಕುಬಾದೊಳಗೆ ಹೋದಾಗ ನೀವು ಕಾರಿನಲ್ಲೇ ಎಸಿಯಲ್ಲಿ ಕೂರುವಂತೆ ಚಾಲಕನಿಗೆ ಮೊದಲೇ ಹೇಳಿರಿ. ಕೆಲವರು ಬೀಗ ಹಾಕಿ ಹೋಗಿಬಿಡುತ್ತಾರೆ. ಜನ್ನತುಲ್ ಬಕೀ ಮಸ್ಜಿದುನ್ನಬವಿಗೆ ತಾಗಿಕೊಂಡೇ ಇದೆ, ಕಾರು ಬೇಡ. ಸಾಮಾನ್ಯವಾಗಿ ಫಜ್ರ್ ಮತ್ತು ಅಸರ್ ನಂತರ ಗಂಡಸರಿಗೆ ತೆರೆಯುತ್ತಾರೆ. ಹೆಂಗಸರನ್ನು ಒಳಗೆ ಬಿಡುವುದಿಲ್ಲ, ಹೊರಗಿನಿಂದಲೇ ಸಲಾಮ್ ಹೇಳಬೇಕು.

ಪ್ರಶ್ನೆ: ಮದೀನಾದಿಂದ ಮಕ್ಕಾಕ್ಕೆ ಕಾರಿನಲ್ಲಿ ಬರುವಾಗ ಬದ್ರ್ ನೋಡಿಕೊಂಡು ಬರಬಹುದೇ?

ಉತ್ತರ: ಬರಬಹುದು. ಮದೀನಾದಿಂದ ಬದ್ರ್ ಸುಮಾರು 150 ಕಿ.ಮೀ. ಹಿಜ್ರಿ 2ರ ರಮಝಾನ್ 17ರಂದು ನಡೆದ ಯುದ್ಧದ 14 ಹುತಾತ್ಮರ ಹೆಸರಿನ ಫಲಕ ಅಲ್ಲಿದೆ. ಆದರೆ ಉಮ್ರಾದ ನಿಯ್ಯತ್ (ಸಂಕಲ್ಪ) ಇದ್ದರೆ ಮದೀನಾ ದಾಟುವಾಗಲೇ ಅಲ್ಲಿನ ಮೀಕಾತ್ ದುಲ್‌ಹುಲೈಫಾದಲ್ಲಿ ಇಹ್ರಾಮ್ ಕಟ್ಟಬೇಕು, ಬದ್ರ್ ಮುಗಿಸಿ ಕಟ್ಟುತ್ತೇವೆ ಎಂದರೆ ಆಗದು. ಇಹ್ರಾಮ್‌ನಲ್ಲೇ ಬದ್ರ್ ನೋಡಲು ಅಡ್ಡಿಯೇನಿಲ್ಲ. ಸುತ್ತು ದಾರಿ, ಹಾಗಾಗಿ ಮಕ್ಕಾ ಮುಟ್ಟಿದ ರಾತ್ರಿಯೇ ಉಮ್ರಾ ಮುಗಿಸುವ ಲೆಕ್ಕವಿದ್ದರೆ ಫಜ್ರ್ ಆದ ಕೂಡಲೇ ಹೊರಡಿ.