ಅಪ್ಪ-ಅಮ್ಮನ ಜೊತೆ 9 ದಿನ ಗ್ರೀಸ್: ಎಷ್ಟು ದ್ವೀಪ ಇಟ್ಟುಕೊಳ್ಳಬಹುದು?

ಸೆಪ್ಟೆಂಬರ್‌ನಲ್ಲಿ 9 ದಿನ ಇದೆ, ಅಥೆನ್ಸ್ ಜೊತೆಗೆ ಮಿಕೊನೊಸ್, ಪಾರೊಸ್, ನಾಕ್ಸೊಸ್, ಸಾಂಟೊರಿನಿ ನಾಲ್ಕನ್ನೂ ಮುಗಿಸಬಹುದಾ, ಅಮ್ಮನಿಗೆ ಮಂಡಿನೋವು, ಮನೆಯವರೆಲ್ಲ ಸಸ್ಯಾಹಾರಿಗಳು ಅಂತ ಕೇಳಿದ್ದೀರಿ. ದಯವಿಟ್ಟು ಎರಡೇ ದ್ವೀಪ ಇಟ್ಟುಕೊಳ್ಳಿ. ಅತ್ತೆ-ಮಾವನನ್ನು ಕರೆದುಕೊಂಡು ಹೋಗಿ ಬಂದವಳು ನಾನು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಒಂದು ದ್ವೀಪ ಬಿಟ್ಟು ಇನ್ನೊಂದಕ್ಕೆ ಹೋದರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ಬೆಳಿಗ್ಗೆ ರೂಮ್ ಖಾಲಿ ಮಾಡಬೇಕು, ಬಂದರಿನಲ್ಲಿ ಬಿಸಿಲಿಗೆ ಕಾಯಬೇಕು. ಲಗೇಜನ್ನು ಹಡಗಿನ ಕೆಳಗೆ, ವಾಹನ ನಿಲ್ಲಿಸುವ ಕಡೆಯೇ ಇಟ್ಟು ಮೆಟ್ಟಿಲು ಹತ್ತಬೇಕು. ನಡುವಿನ ದ್ವೀಪಗಳಲ್ಲಿ ಹಡಗು ನಿಲ್ಲುವುದೇ ಕೆಲವು ನಿಮಿಷ. ಹಾಗಾಗಿ ಇಳಿಯುವವರೆಲ್ಲ ಮೊದಲೇ ಕೆಳಗೆ ಬಂದು ನಿಂತಿರುತ್ತಾರೆ. ನಾಕ್ಸೊಸ್‌ನಲ್ಲಿ ಹಿಂಬಾಗಿಲು ಕೆಳಗಿಳಿಯುವ ತನಕ ಅತ್ತೆ ಆ ಮಬ್ಬುಗತ್ತಲೆಯಲ್ಲಿ, ಲಾರಿಗಳ ಹೊಗೆಯ ನಡುವೆ, ನನ್ನ ಮುಂಗೈ ಬಿಗಿಯಾಗಿ ಹಿಡಿದುಕೊಂಡೇ ನಿಂತಿದ್ದರು. ಇದನ್ನು ಅವರಿಂದ ನಾಲ್ಕು ಸಲ ಮಾಡಿಸಲು ನನಗೆ ಮನಸ್ಸು ಬರುತ್ತಿರಲಿಲ್ಲ.

ಇನ್ನೊಂದು, ಗಾಳಿ. ಏಜಿಯನ್ ಸಮುದ್ರದಲ್ಲಿ ಬೇಸಿಗೆಯಲ್ಲಿ ಉತ್ತರದಿಂದ ಬೀಸುವ ಮೆಲ್ಟೆಮಿ ಜುಲೈ-ಆಗಸ್ಟ್‌ನಲ್ಲಿ ಜೋರು, ಸೆಪ್ಟೆಂಬರ್‌ನಲ್ಲೂ ಇರುತ್ತದೆ. ಗಾಳಿ ಮಿತಿ ಮೀರಿದರೆ ಹಡಗು ಬಿಡಲು ಅನುಮತಿಯೇ ಸಿಗುವುದಿಲ್ಲ. ನಮ್ಮ ಹಡಗೂ ಒಂದು ದಿನ ಹೊರಡಲಿಲ್ಲ. ಕೊನೆಯ ರಾತ್ರಿಯನ್ನು ಅಥೆನ್ಸ್‌ಗೆ ಅಂತ ಮೀಸಲಿಟ್ಟಿದ್ದರಿಂದ ವಾಪಸ್ ವಿಮಾನ ತಪ್ಪಲಿಲ್ಲ. ನೀವೂ ಹಾಗೇ ಮಾಡಿ. ಟಿಕೆಟ್ ತೆಗೆಯುವಾಗ ಕ್ಯಾಟಮರಾನ್ ಅನ್ನುವ ಜೋಡಿ ಒಡಲಿನ ವೇಗದ ದೋಣಿ ಬೇಡ, ಕಾರು ಹೊರುವ ದೊಡ್ಡ ಹಡಗನ್ನೇ ಆರಿಸಿಕೊಳ್ಳಿ. ನಿಧಾನ ನಿಜ, ಅಥೆನ್ಸ್ ಬಳಿಯ ಬಂದರು ಪಿರಿಯಸ್‌ನಿಂದ ನಾಕ್ಸೊಸ್‌ಗೆ ಸುಮಾರು 5 ಗಂಟೆಯ ಮೇಲಾಗುತ್ತದೆ. ಆದರೆ ಓಲಾಟ ಕಡಿಮೆ, ಹೊರಗೆ ಕೂತು ಸಮುದ್ರ ನೋಡಬಹುದು.

ನನ್ನ ಲೆಕ್ಕ ಹೀಗೆ: ಅಥೆನ್ಸ್ 2 ರಾತ್ರಿ, ನಾಕ್ಸೊಸ್ 3, ಸಾಂಟೊರಿನಿ 2, ಅಲ್ಲಿಂದ ವಿಮಾನದಲ್ಲಿ ಅಥೆನ್ಸ್‌ಗೆ ವಾಪಸ್ಸಾಗಿ ಕೊನೆಯ ರಾತ್ರಿ. ವಿಮಾನ ನಿಲ್ದಾಣದಿಂದ ಪಿರಿಯಸ್ ಬಂದರಿಗೆ ಮೆಟ್ರೋ 3ನೇ ಮಾರ್ಗ ನೇರವಾಗಿ ಹೋಗುತ್ತದೆ. ಬಂದರು ಬಹಳ ದೊಡ್ಡದು, ಟಿಕೆಟ್‌ನಲ್ಲಿ ಗೇಟ್ ನಂಬರ್ ನೋಡಿಕೊಂಡೇ ಹೊರಡಿ. ನಾಕ್ಸೊಸ್ ಊರಿನಲ್ಲಿ ಕಡಲತೀರ ನಡೆದು ಹೋಗುವಷ್ಟು ಹತ್ತಿರ. ಅಪೊಲೊ ದೇವಾಲಯದ್ದು ಅನ್ನುವ, ಕ್ರಿ.ಪೂ. 6ನೇ ಶತಮಾನದ ಒಂಟಿ ಅಮೃತಶಿಲೆ ಬಾಗಿಲು ಬಂದರಿನ ಪಕ್ಕದಲ್ಲೇ ಇದೆ. ಸಂಜೆ ಅಲ್ಲಿ ಹೋಗಿ ಕೂತುಕೊಳ್ಳಿ. ಸಾಂಟೊರಿನಿಯಲ್ಲಿ ಮಾತ್ರ ಹುಷಾರು. ಕಡಿದಾದ ಬಂಡೆಯ ಅಂಚಿನಲ್ಲಿರುವ ಹೋಟೆಲುಗಳಿಗೆ ರಸ್ತೆಯಿಂದ ಮೆಟ್ಟಿಲು ಇಳಿದೇ ಹೋಗಬೇಕು. ಬುಕ್ ಮಾಡುವ ಮೊದಲು "ರಸ್ತೆಯಿಂದ ರೂಮಿಗೆ ಎಷ್ಟು ಮೆಟ್ಟಿಲು?" ಅಂತ ಬರೆದು ಕೇಳಿ, ಉತ್ತರ ಬಂದ ಮೇಲೆಯೇ ದುಡ್ಡು ಕಟ್ಟಿ.

ಅಥೆನ್ಸ್‌ನಲ್ಲಿ ಗುಡ್ಡದ ಮೇಲೆ ಪುರಾತನ ಗುಡಿಗಳಿರುವ ಆಕ್ರೊಪೊಲಿಸ್‌ಗೆ ಸಮಯ ನಿಗದಿಯಾದ ಟಿಕೆಟ್. ಬೆಳಿಗ್ಗೆ 8ರದ್ದನ್ನೇ ತೆಗೆದುಕೊಳ್ಳಿ, ಬಿಸಿಲು ಏರುವುದರೊಳಗೆ ಇಳಿದು ಬರಬಹುದು. ಕಲ್ಲು ಸವೆದು ಜಾರುತ್ತದೆ, ಅಮ್ಮನಿಗೆ ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿಸಿ. ಹತ್ತಲು ಆಗದಿದ್ದರೆ ಕೆಳಗಿನ ಆಕ್ರೊಪೊಲಿಸ್ ಮ್ಯೂಸಿಯಂನಲ್ಲಿ ಲಿಫ್ಟ್ ಇದೆ. ಗುಡ್ಡದ ಮೇಲಿನ ಎರೆಕ್ಥಿಯನ್ ಗುಡಿಯಲ್ಲಿ ಕಂಬದ ಬದಲು ಚಾವಣಿ ಹೊತ್ತು ನಿಂತ ಆರು ಕನ್ಯೆಯರಲ್ಲಿ ಐವರ ಮೂಲ ವಿಗ್ರಹಗಳು ಇರುವುದು ಅಲ್ಲಿಯೇ.

ಊಟದ ಬಗ್ಗೆ ಯೋಚನೆ ಬೇಡ. ಗ್ರೀಕರ ಚರ್ಚಿನ ಉಪವಾಸದ ದಿನಗಳು ಬಹಳ, ಹಾಗಾಗಿ ಮಾಂಸವಿಲ್ಲದ ಅಡುಗೆ ಅವರಿಗೆ ಹೊಸದಲ್ಲ. ಎಣ್ಣೆಯಲ್ಲಿ ಬೇಯಿಸಿದ ತರಕಾರಿಗಳನ್ನು ಲಾದೆರಾ ಅನ್ನುತ್ತಾರೆ, ಮೆನುವಿನಲ್ಲಿ ಆ ಪದ ಹುಡುಕಿ. ಸಾಂಟೊರಿನಿಯ ಫಾವಾ ಅಂದರೆ ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ, ಮೇಲೆ ಆಲಿವ್ ಎಣ್ಣೆ, ಹಸಿ ಈರುಳ್ಳಿ, ನಿಂಬೆರಸ. ಮಾವ ಒಂದು ಚಮಚ ಬಾಯಿಗಿಟ್ಟು "ಇದು ನಮ್ಮ ತೊವ್ವೆನೇ, ಒಗ್ಗರಣೆ ಒಂದಿಲ್ಲ" ಅಂದರು, ಎರಡನೇ ತಟ್ಟೆ ಹೇಳಿದರು. ಅಕ್ಕಿ ತುಂಬಿದ ಟೊಮೆಟೊ, ಯೆಮಿಸ್ತಾ, ಚೆನ್ನಾಗಿರುತ್ತದೆ, ಆದರೆ ಕೆಲವು ಕಡೆ ಖೀಮಾ ಸೇರಿಸುತ್ತಾರೆ, ಕೇಳಿಯೇ ಹೇಳಿ. "ಹೊರಿಸ್ ಕ್ರೇಯಾಸ್" ಅಂದರೆ ಮಾಂಸ ಬೇಡ ಅಂತ. ಚಟ್ನಿಪುಡಿ ಒಯ್ಯಿರಿ, ಅಲ್ಲಿಯ ಬ್ರೆಡ್ಡು-ಎಣ್ಣೆಗೆ ಸೊಗಸಾಗಿ ಹೊಂದುತ್ತದೆ. ತುಪ್ಪ, ಪೇಡಾ ಬೇಡ, ಹೊರಗಿನಿಂದ ಹಾಲಿನ ಪದಾರ್ಥ ತರಲು ಯೂರೋಪಿಯನ್ ಒಕ್ಕೂಟ ಬಿಡುವುದಿಲ್ಲ.

ವೀಸಾ ಷೆಂಗೆನ್ (ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ), ದೊಡ್ಡವರಿಗೆ ಶುಲ್ಕ 90 ಯೂರೋ, ಕನಿಷ್ಠ 30,000 ಯೂರೋ ರಕ್ಷಣೆಯ ಪ್ರವಾಸ ವಿಮೆ ಬೇಕು. ಪ್ರಯಾಣಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. ಬೇಸಿಗೆ ಬಂತೆಂದರೆ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಏಪ್ರಿಲ್-ಮೇನಲ್ಲೇ ಮುಗಿಸಿಕೊಳ್ಳಿ. ಹೋಟೆಲುಗಳನ್ನು ವೀಸಾ ಕೈಗೆ ಬರುವ ತನಕ ರದ್ದು ಮಾಡಬಹುದಾದಂಥವನ್ನೇ ಹಿಡಿಯಿರಿ.