ಜೇಮ್ಸ್ ವಿಲ್ಸನ್ ಲೇಖನ ಕಳಿಸಿದವರಿಗೆ

ನಮಸ್ಕಾರ. ಅಮೆರಿಕದ ಸಂವಿಧಾನ ರೂಪಿಸಿದವರಲ್ಲಿ ಒಬ್ಬರಾದ ವಕೀಲ ಜೇಮ್ಸ್ ವಿಲ್ಸನ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವ್ಯಕ್ತಿಯ ಆಯ್ಕೆ ಚೆನ್ನಾಗಿದೆ. ವಾಷಿಂಗ್ಟನ್, ಲಿಂಕನ್ ಬಗ್ಗೆ ಬೇಕಾದಷ್ಟು ಬರುತ್ತವೆ. ವಿಲ್ಸನ್ ಬಗ್ಗೆ ಯಾರೂ ಬರೆದು ಕಳಿಸಿರಲಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಉತ್ತರಿಸುತ್ತಿದ್ದೇನೆ.

ಲೇಖನ ಸನ್ಮಾನ ಸಮಾರಂಭದಲ್ಲಿ ಓದುವ ಅಭಿನಂದನಾ ಪತ್ರದ ಹಾಗಿದೆ. ‘ಮೇರು ವ್ಯಕ್ತಿತ್ವ’, ‘ಅಪ್ರತಿಮ ಮೇಧಾವಿ’... ಶಾಲು ಹೊದಿಸುವುದೊಂದು ಬಾಕಿ. 1742ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ್ದು, ಫಿಲಡೆಲ್ಫಿಯಾಕ್ಕೆ ಬಂದು ಜಾನ್ ಡಿಕಿನ್‌ಸನ್ ಬಳಿ ಕಾನೂನು ಕಲಿತದ್ದು, ಸ್ವಾತಂತ್ರ್ಯ ಘೋಷಣೆಗೂ ಸಂವಿಧಾನಕ್ಕೂ ಸಹಿ ಹಾಕಿದ ಆರೇ ಜನರಲ್ಲಿ ಒಬ್ಬರಾದದ್ದು, ಎಲ್ಲ ಸರಿ. ಇಷ್ಟಕ್ಕೆ ಒಂದು ಪ್ಯಾರಾ ಸಾಕು. ನೀವು ಅರ್ಧ ಲೇಖನ ಕೊಟ್ಟಿದ್ದೀರಿ.

ಕೊನೆಗೆ ‘ಆರ್ಥಿಕ ಸಂಕಷ್ಟದ ನಡುವೆ 1798ರಲ್ಲಿ ಇಹಲೋಕ ತ್ಯಜಿಸಿದರು’ ಎಂದು ಒಂದೇ ಸಾಲು. ಏನು ಸಂಕಷ್ಟ? ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಆಗಿದ್ದಾಗಲೇ ಸಾಲ ಕೊಟ್ಟವರಿಂದ ತಲೆಮರೆಸಿಕೊಂಡು ಓಡಾಡಿದ ಮನುಷ್ಯ ಇವರು! ಸಾಲ ಮಾಡಿ ವಿಪರೀತ ಜಮೀನು ಕೊಂಡಿದ್ದರು. ಯುರೋಪಿನಿಂದ ಜನ ಬರುತ್ತಾರೆ, ಬೆಲೆ ಏರುತ್ತದೆ ಎಂಬ ಲೆಕ್ಕ. 1796–97ರ ಹಣದ ಮುಗ್ಗಟ್ಟಿನಲ್ಲಿ ಅದು ತಲೆಕೆಳಗಾಯಿತು. ನ್ಯೂಜೆರ್ಸಿಯ ಬರ್ಲಿಂಗ್ಟನ್‌ನಲ್ಲಿ ಜೈಲು ಸೇರಿದರು. ಹೊರಬಂದು ನಾರ್ತ್ ಕೆರೊಲಿನಾಕ್ಕೆ ಹೋದರೆ ಅಲ್ಲೂ ಜೈಲು. ಈ ಸಲ ಹಾಕಿಸಿದವರು ಸಾಲ ಕೊಟ್ಟಿದ್ದ ಪಿಯರ್ಸ್ ಬಟ್ಲರ್. 1787ರಲ್ಲಿ ಇವರ ಜೊತೆ ಕೂತು ಅದೇ ಸಂವಿಧಾನಕ್ಕೆ ಸಹಿ ಹಾಕಿದವರು! ಬಿಡುಗಡೆಯಾದ ಮೇಲೆ ವಿಲ್ಸನ್ ಅಲ್ಲಿಯೇ, ಈಡನ್‌ಟನ್ ಊರಿನಲ್ಲಿ ತೀರಿಕೊಂಡರು. ವಯಸ್ಸು 55.

ನೀವೂ ವಕೀಲರು ಎಂದು ಬರೆದಿದ್ದೀರಿ. ಹಾಗಾದರೆ ಸುಪ್ರೀಂ ಕೋರ್ಟಿನ 1793ರ ಚಿಶೋಮ್ ಮೊಕದ್ದಮೆಯನ್ನು ಬಿಟ್ಟಿದ್ದು ಯಾಕೆ? ಜಾರ್ಜಿಯಾ ರಾಜ್ಯ ಸಾಮಾನು ಕೊಂಡು ಹಣ ಕೊಟ್ಟಿಲ್ಲ ಎಂಬ ದಾವೆ ಅದು. ರಾಜ್ಯವೇ ಆದರೂ ಬಾಕಿಗೆ ಕೋರ್ಟಿಗೆ ಬರಬೇಕು ಎಂದವರಲ್ಲಿ ವಿಲ್ಸನ್ ಒಬ್ಬರು. ಈ ತೀರ್ಪನ್ನೂ ಜೈಲನ್ನೂ ಪಕ್ಕಪಕ್ಕ ಇಡಿ. ‘ಎಂಥ ವಿಪರ್ಯಾಸ’ ಎಂದು ಮಾತ್ರ ಬರೆಯಬೇಡಿ. ಓದುಗರಿಗೆ ಗೊತ್ತಾಗುತ್ತದೆ.

ಇನ್ನು ‘ಜನತೆಯ ಧ್ವನಿ’ ಎಂಬ ಬಿರುದು. ಪೂರ್ತಿ ಸುಳ್ಳಲ್ಲ. ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸಬೇಕು ಎಂದು 1787ರಲ್ಲಿ ಸಂವಿಧಾನ ರೂಪಿಸಲು ಸೇರಿದ ಫಿಲಡೆಲ್ಫಿಯಾದ ಸಮಾವೇಶದಲ್ಲಿ ವಾದಿಸಿದವರು ಇವರೇ. ಆದರೆ 1779ರ ಅಕ್ಟೋಬರ್‌ನಲ್ಲಿ ಇವರ ಮನೆಗೇ ಬಂದೂಕು ಹಿಡಿದ ಜನ ಮುತ್ತಿಗೆ ಹಾಕಿದ್ದರು. ಬೆಲೆ ಏರಿಕೆಯ ಸಿಟ್ಟು ಒಂದು. ಬ್ರಿಟನ್ ಪರ ಇದ್ದ ಆರೋಪಿಗಳಿಗೆ ಇವರು ವಕೀಲರಾದರು ಎಂಬ ಸಿಟ್ಟು ಇನ್ನೊಂದು. ಗುಂಡು ಹಾರಿ ಹೆಣ ಬಿದ್ದವು. ಇದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ಸಮಾವೇಶಕ್ಕೆ ನೀವು ‘ಮಹತ್ತರ ಕೊಡುಗೆ ನೀಡಿದರು’ ಎಂದಷ್ಟೇ ಹೇಳಿದ್ದೀರಿ. ಜೂನ್ 1ರ ಆ ಗಳಿಗೆ ಬರೆಯಿರಿ. ಆಡಳಿತ ಒಬ್ಬನೇ ವ್ಯಕ್ತಿಯ ಕೈಯಲ್ಲಿರಲಿ ಎಂದು ವಿಲ್ಸನ್ ಸೂಚಿಸಿದರು. ರಾಜನನ್ನು ಈಗಷ್ಟೇ ಕಳಚಿಕೊಂಡ ಜನ. ಆ ಹುದ್ದೆ ಯಾರಿಗೆ ಎಂದು ಕೇಳಬೇಕಾಗಿಯೇ ಇರಲಿಲ್ಲ, ವಾಷಿಂಗ್ಟನ್ ಅಲ್ಲೇ ಕೂತಿದ್ದರು. ಸಭೆ ಸುಮಾರು ಹೊತ್ತು ಮಾತಿಲ್ಲದೆ ಕೂತಿತು ಎಂದು ಅದೇ ಸಭೆಯಲ್ಲಿದ್ದ ಪ್ರತಿನಿಧಿ ಜೇಮ್ಸ್ ಮ್ಯಾಡಿಸನ್ ಟಿಪ್ಪಣಿ ಮಾಡಿಕೊಂಡಿದ್ದಾರೆ. ಇದಕ್ಕೆ ಒಂದು ಪುಟ ಕೊಟ್ಟರೂ ಜಾಸ್ತಿಯಲ್ಲ.

ಹತ್ತೇ ದಿನದ ನಂತರ, ಜನಸಂಖ್ಯೆ ನೋಡಿ ರಾಜ್ಯಗಳಿಗೆ ಸಂಸತ್ತಿನ ಸೀಟು ಹಂಚುವಾಗ ಐವರು ಗುಲಾಮರನ್ನು ಮೂವರ ಲೆಕ್ಕಕ್ಕೆ ಹಿಡಿಯುವ ಸೂಚನೆಯನ್ನು ಸಭೆಯ ಮುಂದಿಟ್ಟವರೂ ವಿಲ್ಸನ್. ಆಮೇಲೆ ಜುಲೈನಲ್ಲಿ, ಇದಕ್ಕೆ ಯಾವ ತತ್ವದ ಆಧಾರ ಎಂದು ತಾವೇ ಕೇಳಿದರು. ಪ್ರಜೆಗಳು ಅಂತ ಲೆಕ್ಕ ಹಾಕುತ್ತೇವಾ, ಆಸ್ತಿ ಅಂತಲಾ? ಆದರೂ ರಾಜಿ ಬೇಕು ಎಂದರು. ನೀವು ಇದನ್ನು ಬೇಕೆಂದೇ ಬಿಟ್ಟಿದ್ದೀರಿ ಅನ್ನಿಸಿತು. ‘ಮಾನವತಾವಾದಿ’ ಎಂದು ಕರೆದ ಮೇಲೆ ಇದನ್ನು ಎಲ್ಲಿ ಸೇರಿಸುವುದು, ಅಲ್ವಾ? ಆ ಪದ ತೆಗೆಯಿರಿ, ಜಾಗ ತಾನಾಗಿ ಸಿಗುತ್ತದೆ.

ಹುಟ್ಟಿನಿಂದ ಶುರು ಮಾಡಬೇಡಿ. ಬರ್ಲಿಂಗ್ಟನ್ ಜೈಲಿನಿಂದ ಶುರು ಮಾಡಿ, ಹಿಂದಕ್ಕೆ ಹೋಗಿ. 1,500 ಪದ ಸಾಕು. ಹಳೆಯ ಫಾಂಟಿನಲ್ಲಿ ಕಳಿಸಿದ್ದರಿಂದ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ ಆಗಿದ್ದವು. ಮುಂದಿನ ಸಲ ಯೂನಿಕೋಡ್‌ನಲ್ಲಿ ಕಳಿಸಿ.

ಇಂತಿ,
ಸಂಪಾದಕ